ರಾಜ ನಿಂತಿದ್ದ ಹಲಗೆ

ಧಡ್ ಧಡ್ ಎಂದು ಹಲಗೆ ಸದ್ದು ಮಾಡಿತು. ಬಟ್ಟೆ ಹಿಂಡುತ್ತಿದ್ದ ನನ್ನ ಕೈ ನಿಂತಿತು. ನಾನು ಒಂದು ವಾರದಿಂದ ಮಕ್ಕಳಿಗೆ ಹೇಳುತ್ತಿದ್ದ ಸದ್ದು ಅದೇ. ಕಾಂಕ್ರೀಟಿನ ಮೇಲೆ ಎಷ್ಟು ಕುಣಿದರೂ ಅದು ಬರುವುದಿಲ್ಲ. ಕೆಳಗೆ ಟೊಳ್ಳಿದ್ದರೆ ಮಾತ್ರ ಬರುತ್ತದೆ. ನಾವಿದ್ದ ಮೂರನೇ ಮಹಡಿಯಲ್ಲಿ ಟೊಳ್ಳಿದ್ದ ಜಾಗ ಒಂದೇ, ಹಲಗೆ ಮುಚ್ಚಿದ್ದ ಲಿಫ್ಟ್ ಗುಂಡಿ.

ಓಡಿದೆ.

ಕೂಕಟ್‌ಪಲ್ಲಿಯಲ್ಲಿ ಸಾಫ್ಟ್‌ವೇರ್ ನೌಕರರಿಗೆಂದು ಕಟ್ಟುತ್ತಿದ್ದ ಆ ಬಿಲ್ಡಿಂಗೇ ಆಗ ನಮ್ಮ ಮನೆ. ನಾವು ಅದನ್ನು ಕಟ್ಟುವವರು. ಕಿಟಕಿ ಇಲ್ಲದ ಒಂದು ಫ್ಲ್ಯಾಟಿನಲ್ಲಿ ಅಕ್ಕ, ಅವಳ ಮಗಳು, ನಾನು ಇದ್ದೆವು. ಪಕ್ಕದಲ್ಲಿ ನಮ್ಮ ಕಡೆಯದೇ ಇನ್ನೊಂದು ಸಂಸಾರ, ಅದರಲ್ಲಿ ಇಬ್ಬರು ಹುಡುಗರು. ಮಕ್ಕಳು ಗೋಡೆ ಇಲ್ಲದ ಅಂಚಿಗೆ ಹೋಗುತ್ತಾರೆಂದು ಅಕ್ಕನಿಗೆ ಸದಾ ಹೆದರಿಕೆ. ಒಳಗೇ ಇರಲಿ ಎಂದು ನಾನೇ ಆಟ ಹಚ್ಚಿಕೊಟ್ಟೆ. ನಮ್ಮೂರ ದೊಡ್ಡಾಟದ ಹಾಗೆ ಸೀರೆಯ ಪರದೆ, ರಟ್ಟಿನ ಕಿರೀಟ, ಒಬ್ಬ ರಾಜ, ಅವನನ್ನು ಮಾತಾಡಿಸುವ ಸಾರಥಿ. ಊರಲ್ಲಿ ಹಲಗೆಯ ಅಟ್ಟದ ಮೇಲೆ ರಾಜ ಹೆಜ್ಜೆ ಹಾಕಿದರೆ ಊರಾಚೆಗೆ ಕೇಳಬೇಕು. ಸದ್ದು ಬರದಿದ್ದರೆ ಅವನು ರಾಜನೇ ಅಲ್ಲ ಎಂದು ಹೇಳಿದ್ದೂ ನಾನೇ.

ಎಂಟು ವರ್ಷದ ರಾಜ, ಅಕ್ಕನ ಮಗಳು, ಗುಂಡಿ ಮುಚ್ಚಿದ್ದ ಪ್ಲೈವುಡ್ಡಿನ ನಡುವೆ ನಿಂತಿದ್ದಳು. ಹುಡುಗರಿಬ್ಬರು ಈಚೆ ಪರದೆ ಹಿಡಿದಿದ್ದರು. ಪ್ರತಿ ಹೆಜ್ಜೆಗೂ ಹಲಗೆ ಬಾಗುತ್ತಿತ್ತು. ಅದರ ಕೆಳಗಿನ ಆಧಾರದ ಕಟ್ಟಿಗೆಯನ್ನು, ಬೇರೆ ಕಡೆ ಬೇಕೆಂದು, ಹಿಂದಿನ ದಿನ ನಾನೇ ಬಿಚ್ಚಿದ್ದೆ. ಕೂಗಿದರೆ ಅವಳು ಬೆಚ್ಚಿ ಜಿಗಿಯುತ್ತಾಳೆ. ನಾನು ಕಾಲಿಟ್ಟರೆ ಇಬ್ಬರೂ ಕೆಳಗೆ. ಹುಡುಗರಿಗೆ ಹಿಂದೆ ಸರಿಯಲು ಕೈಸನ್ನೆ ಮಾಡಿದೆ.

“ಮಾಮಾ, ಈಗ ಬಂತ ನೋಡು ಸದ್ದು.”

“ಬಂತವ್ವಾ, ಸಾಕು. ರಾಜ ಈಗ ಅಂಬೆಗಾಲ ಇಟಗೊಂತ ಬರಬೇಕು.”

“ರಾಜ ಅಂಬೆಗಾಲ ಇಡತಾನೇನು? ನಿನಗ ಆಟಾನೇ ಬರಂಗಿಲ್ಲ.”

ಹುಡುಗರು ನಕ್ಕರು. ಅವಳು ಮತ್ತೆ ಕಾಲೆತ್ತಿದಳು.

ನಾನು ಅಂಚಿನಲ್ಲಿ ಮಂಡಿಯೂರಿದೆ. ಸಾರಥಿಯ ದನಿ ತೆಗೆದೆ.

“ರಾಜರೇ, ದೇವಿ ಗುಡಿ ಬಂತ್ರಿ. ದೇವಿ ಮಲಗ್ಯಾಳ, ಸದ್ದ ಮಾಡಬ್ಯಾಡ್ರಿ. ಹಂಗ ಅಡ್ಡ ಬಿದ್ದು ಕೈ ನನ್ನ ಕಡೆ ಚಾಚ್ರಿ.”

ಅವಳು ಯೋಚಿಸಿದಳು. ಎತ್ತಿದ ಕಾಲನ್ನು ಮೆಲ್ಲಗೆ ಇಟ್ಟಳು. ಕಿರೀಟ ತೆಗೆದು ಪಕ್ಕಕ್ಕಿಟ್ಟಳು. ಕುಳಿತಳು, ಬೋರಲು ಮಲಗಿ ಕೈ ಚಾಚಿದಳು. ಹಲಗೆ ಕಿರ್ ಎಂದಿತು. ಎರಡೂ ಮಣಿಕಟ್ಟು ಹಿಡಿದು ಎಳೆದುಬಿಟ್ಟೆ. ಮೊಣಕಾಲು ತರಚಿ ಅವಳು ಅತ್ತಳು. ನಾನು ಕೈ ಬಿಡಲಿಲ್ಲ.

ಅಕ್ಕ ನೀರು ಹೊತ್ತು ಮೇಲೆ ಬಂದಳು. ಮಗಳ ಕಾಲು ನೋಡಿ ನನ್ನನ್ನು ಬೈದಳು. ನಾನು ಗುಂಡಿಯ ಕಡೆ ಕೈ ತೋರಿಸಿದೆ. ಹಲಗೆಯ ನಡುವೆ ಕಿರೀಟ ಒಂದೇ ಇತ್ತು. ಅಕ್ಕ ಕೊಡ ಇಳಿಸಿ, ಗೋಡೆ ಹಿಡಿದು ಕುಳಿತಳು.

“ಹಲಗಿ ಮ್ಯಾಲ ಕುಣಿ ಅಂತ ಇಕಿಗೆ ಯಾರು ಹೇಳಿದ್ರು?”

“ನಾನ ಹೇಳೀನಿ.”

ಅವಳು ಮತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಗಲೇ ಹೋಗಿ ಆಧಾರದ ಕಟ್ಟಿಗೆಯನ್ನು ಹಲಗೆಯ ಕೆಳಗೆ ಮತ್ತೆ ಮೊಳೆ ಹೊಡೆದು ಕೂರಿಸಿದೆ. ಹೇಳುವುದು ಇಷ್ಟೇ, ಇನ್ನೇನೂ ಇಲ್ಲ.