ಕಲ್ಲಿನ ಶಾಲೆಯ ಬೆನ್ನಿಗೆ ರೈಲು

ನಿಪ್ಪಾಣಿಯಲ್ಲಿ ನಮ್ಮ ಮನೆಯ ಎದುರಿಗೇ ಕನ್ನಡ ಶಾಲೆ. ಹಿಂದೆ ಯಾರದೋ ದೊಡ್ಡ ಮನೆತನದ ವಾಡೆಯಾಗಿತ್ತಂತೆ. ಕಪ್ಪು ಕಲ್ಲಿನ ಗೋಡೆ, ಕಮಾನಿನ ಬಾಗಿಲು, ಕಮಾನಿನ ನೆತ್ತಿಯಲ್ಲಿ ಎದುರುಬದುರು ಕೂತ ಎರಡು ಕಲ್ಲಿನ ಗಿಳಿ. ಮನೆಯ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತ ಕೂತಾಗ, ಇಳಿಬಿಸಿಲಿಗೆ ಆ ಕಲ್ಲು ತುಸು ನೇರಳೆಯಾಗುವುದನ್ನು ನೋಡುತ್ತೇನೆ. ನಾನು ಓದಿದ ಬೆಳಗಾವಿಯ ಕಾನ್ವೆಂಟಿನ ಪಡಸಾಲೆಯಲ್ಲೂ ಇಂಥದೇ ಕಲ್ಲಿನ ತಂಪಿತ್ತು.

ಹೋದ ಬೇಸಿಗೆಯಲ್ಲಿ ಸುದ್ದಿ ಬಂತು: ಕಲ್ಲಿಗೆಲ್ಲ ಆಯಿಲ್ ಪೇಂಟ್ ಬಳಿದು ಶಾಲೆಯನ್ನು ರೈಲಿನಂತೆ ಕಾಣುವ ಹಾಗೆ ಮಾಡುತ್ತಾರಂತೆ. ನಮ್ಮ ವಾರ್ಡಿನ ನಗರಸಭೆ ಮೆಂಬರು ಬಣ್ಣ ಕೊಡಿಸಲು ಒಪ್ಪಿದ್ದಾರಂತೆ. ಓಣಿಯ ಹಿರಿಯರೊಬ್ಬರು ಮನೆಗೇ ಬಂದರು. ಓಣಿಗೆಲ್ಲ ನಾನು ವೈನಿ, ಅಂದರೆ ಅತ್ತಿಗೆ.

"ವೈನಿ, ನೀವು ಕಾನ್ವೆಂಟಿನ್ಯಾಗ ಕಲತಾವ್ರು. ಬ್ಯಾಡಂತ ಒಂದು ಖಡಕ್ ಅರ್ಜಿ ಬರೀರಿ."

ಬರೆಯುವ ಮೊದಲು ಮುಖ್ಯೋಪಾಧ್ಯಾಯಿನಿಯನ್ನು ಕೇಳೋಣವೆಂದು ರಸ್ತೆ ದಾಟಿದೆ. ನಮಗೆಲ್ಲ ಅವರು ಹೆಡ್ ಬಾಯಾರು.

"ಬಾಯಾರ, ಇಂಥಾ ಕಲ್ಲಿಗೆ ಬಣ್ಣ ಬಳೀತಾರೇನ್ರಿ?"

"ಕಲ್ಲು ನೋಡಾಕ ನೀವು ಬರ್ತೀರಿ ವೈನಿ, ಹುಡುಗ್ರು ಬರೂದಿಲ್ಲ," ಎಂದರು.

ಒಂದನೇ ತರಗತಿಗೆ ಹೆಸರು ಹಚ್ಚಲು ಯಾರೂ ಬಂದಿರಲಿಲ್ಲ. ಜೂನಿನಲ್ಲೂ ಹೀಗೇ ಆದರೆ ಶಾಲೆಗೆ ಬೀಗ. ಇರುವ ಮಕ್ಕಳು ಹೈವೇ ದಾಟಿ ಬೇರೆ ಶಾಲೆಗೆ ಹೋಗಬೇಕು.

"ಆ ಟ್ರಕ್ಕಿನ ನಡುವ, ಇಷ್ಟಿಷ್ಟು ಹುಡುಗ್ರು! ನಮ್ಮೂರಿಗೆ ರೈಲಂತೂ ಇಲ್ಲ. ಚಿತ್ರದ್ದಾರ ನೋಡಿ ನಾಕು ಮಂದಿ ಬರ್ಲಿ."

ಅರ್ಜಿ ಬರೆಯುವುದು ನನ್ನಿಂದಾಗಲಿಲ್ಲ. ಸುಮ್ಮನಿರಲೂ ಆಗಲಿಲ್ಲ. ಶಾಲೆಯ ಹಿಂದಿನ ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು, ಕೂಸುಗಳನ್ನು ಪಕ್ಕದಲ್ಲಿ ಆಡಲು ಬಿಟ್ಟು, ದಿನವೆಲ್ಲ ಹೊಸ್ತಿಲಲ್ಲಿ ಕೂತಿರುತ್ತಾರೆ. ಅವರಿಗೆ ಕಾಣುವುದು ಈಚೆಗೆ ಇಟ್ಟಿಗೆಯಲ್ಲಿ ಕಟ್ಟಿ ಸಿಮೆಂಟು ಬಳಿದ ಹಿಂಗೋಡೆ ಮಾತ್ರ. ರೈಲಿನ ಚಿತ್ರ ಆ ಗೋಡೆಯ ಮೇಲೇ ಬರಲಿ, ಕಲ್ಲು ಹಾಗೇ ಇರಲಿ ಎಂದೆ.

ಬಾಯಾರಿಗೆ ಹಿಡಿಸಿತು. ಮೆಂಬರು ಮುಖ ಸಿಂಡರಿಸಿದರು.

"ಹಿತ್ತಲದಾಗ ರೈಲ್ ಬಿಟ್ರ ಯಾರ್ ನೋಡ್ತಾರ್ರೀ? ನನ್ನ ಫೋಟೋ ಎಲ್ಲಿ ತಗಸ್ಲಿ?"

"ಅಲ್ಲೇ ತಗಸ್ರಿ ಸಾಹೇಬ್ರ," ಎಂದರು ಬಾಯಾರು. "ನಿಮಗ ವೋಟ್ ಹಾಕಾವ್ರು ಅಲ್ಲೇ ಕುಂತಾರಲ್ಲ."

ಮೆಂಬರು ನಕ್ಕರು. ಒಪ್ಪಿದರು.

ಶಾಲೆ ಶುರುವಾದ ದಿನ ಹಿಂದಿನ ಓಣಿಯಿಂದ ಅಳು ಕೇಳಿತು. ಹೋಗಿ ನೋಡಿದರೆ, ಒಂದು ಪುಟ್ಟ ಹುಡುಗಿ ಗೋಡೆಯ ಮೇಲೆ ಬರೆದ ರೈಲಿನ ನೀಲಿ ಬಾಗಿಲನ್ನು ಎರಡೂ ಕೈಯಿಂದ ಬಡಿಯುತ್ತಿದೆ. ಪಕ್ಕದಲ್ಲಿ ತಾಯಿ, ಉಗುರಿನ ಸಂದಿಯಲ್ಲಿ ತಂಬಾಕಿನ ಪುಡಿ.

"ಅಗ ಬಾಯಿ, ನೋಡ್ರಿ! ಬಾಗಲಾ ತೆರೀವಲ್ದಂತ ಅಳಾಕತ್ತೇತ್ರಿ ಇದು."

ಅಷ್ಟರಲ್ಲಿ ಬಾಯಾರು ಬಂದು ಹುಡುಗಿಯನ್ನು ಎತ್ತಿಕೊಂಡರು. "ಈ ರೈಲ್ ಡಬ್ಬಿ ಬಾಗಲಾ ಆ ಕಡೆ ಐತಿ, ನಡಿ."

ಸುತ್ತು ಹಾಕಿ ಕಮಾನಿನ ಕೆಳಗೆ ಬಂದಾಗ ಹುಡುಗಿ ಅಳು ನಿಲ್ಲಿಸಿತು. ಒಳಗಿನ ತಂಪಿಗೋ ಏನೋ, ಬಾಯಾರ ಕುತ್ತಿಗೆಗೆ ಮುಖ ಒತ್ತಿತು. ಹೆಸರು ಹಚ್ಚಿದ್ದಾಯಿತು. ಸಂಜೆಯವರೆಗೆ ಬಂದದ್ದು ಅದೊಂದೇ ಹೆಸರು. ಅಷ್ಟರಿಂದ ಶಾಲೆ ಉಳಿದೀತೆಂದು ನಂಬುವ ಧೈರ್ಯ ನನಗಿರಲಿಲ್ಲ.

ಸಂಜೆ ಮಗಳನ್ನು ಕರೆದುಕೊಂಡು ಹೊರಡುವಾಗ ತಾಯಿ ಕೇಳಿದಳು, "ನಾಳೆ ಪಾಟಿ ಬಳಪ ತರಬೇಕೇನ್ರಿ?"

"ಪಾಟಿ ನಾ ಕೊಡ್ತೀನಿ," ಎಂದರು ಬಾಯಾರು. "ನೀ ನಿಮ್ಮ ಓಣಿ ಹುಡುಗ್ರನ್ನ ಕರಕೊಂಡ್ ಬಾ."