ನಾಲ್ಕನೇ ನಂಬರಿನ ಹಾಡು

ಕಳೆದ ತಿಂಗಳು ನಾವು ಮೂವರು ಸೇರಿ ಒಂದು ಹಾಡು ಕದ್ದೆವು. ಕದ್ದಿದ್ದು ನಮ್ಮದೇ ಬ್ಯಾಂಡಿನ ಗಾಯಕನಿಂದ. ಅದೂ ಅವನ ಒಳ್ಳೆಯದಕ್ಕೇ ಅಂದುಕೊಂಡು!

ಹಳೆಯ ಓದುಗರಿಗೆ ಗೊತ್ತು, ವಾರವೆಲ್ಲ ಸೊರಬದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಭಾನುವಾರ ಮಾತ್ರ ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತೇನೆ. (ಹೊಸಬರು ನಗುವುದಿದ್ದರೆ ಈಗಲೇ ನಕ್ಕುಬಿಡಿ.) ಬ್ಯಾಂಡಿನ ಹೆಸರು 'ಫುಲ್ ಲೋಡ್'. ಪ್ರಾಕ್ಟೀಸ್ ನಡೆಯುವುದು ಶಿರಾಳಕೊಪ್ಪದಲ್ಲಿ, ಬಾಸ್ ಗಿಟಾರಿನ ಶಿವಕುಮಾರನ ಮೆಕ್ಕೆಜೋಳದ ಗೋದಾಮಿನಲ್ಲಿ. ಮಾಲು ತುಂಬಿದ್ದರೆ ಚೀಲಗಳು ಸದ್ದು ಹೀರಿಕೊಂಡು ಸ್ಟುಡಿಯೊದಂತೆ ಕೇಳುತ್ತದೆ. ಖಾಲಿಯಾದರೆ ನವೀದ್ ಡ್ರಮ್ಮಿಗೆ ಹೊಡೆದ ಒಂದೇಟು ನಾಲ್ಕಾಗಿ ವಾಪಸ್ ಬರುತ್ತದೆ. ಹಾಗಾಗಿ ಜೋಳದ ರೇಟು ಏರಿ ಮಾಲು ಹೋಯಿತೆಂದರೆ ನಮ್ಮ ಸಂಗೀತ ಕೆಟ್ಟಿತು.

ಹಾಡುವವನು ಮಂಜಣ್ಣ. ನನಗಿಂತ ಎರಡು ವರ್ಷ ಚಿಕ್ಕವನು, ಆದರೂ ಎಲ್ಲರಿಗೂ ಅಣ್ಣ. ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿಯನ್ನು ಶಿರಾಳಕೊಪ್ಪದಲ್ಲೇ ಇಟ್ಟಿದ್ದಾನೆ.

ಸೆಟ್‌ಲಿಸ್ಟ್ ಅಂದರೆ ಸ್ಟೇಜಿನ ಮೇಲೆ ಯಾವ ಹಾಡಾದ ಮೇಲೆ ಯಾವ ಹಾಡು ಅನ್ನುವ ಪಟ್ಟಿ. ಅದನ್ನು ನಾವು ನಾಲ್ವರಲ್ಲಿ ಯಾರೂ ಬರೆದವರಲ್ಲ. ಮಂಜಣ್ಣನ ಹೆಂಡತಿ ಶೋಭಾ ಬರೆಯುತ್ತಿದ್ದಳು. ಸರಿಗಮ ಗೊತ್ತಿಲ್ಲದ ಶೋಭಾ! ಜೋಳದ ಚೀಲದ ಮೇಲೆ ಕಾಲು ಇಳಿಬಿಟ್ಟು ಕೂತು ಕೇಳುವಳು. ಗಂಡನ ಗಂಟಲು ಎಲ್ಲಿ ಸೋಲುತ್ತದೆ, ನವೀದನ ಕೈ ಯಾವಾಗ ನೋಯುತ್ತದೆ, ಎಲ್ಲ ಅವಳಿಗೆ ಗೊತ್ತು.

ಅವಳ ಪಟ್ಟಿಯಲ್ಲಿ ನಾಲ್ಕನೆಯದು ಯಾವಾಗಲೂ ಬಸ್ಸಿನ ಹಾಡು. ಮದುವೆ ಗೊತ್ತಾದ ಹೊಸದರಲ್ಲಿ ಆನವಟ್ಟಿಯ ಈ ಹುಡುಗಿ ಬಸ್ಸು ತಪ್ಪಿಸಿಕೊಂಡಾಗ, ಮಂಜಣ್ಣ ಬಸ್‌ಸ್ಟ್ಯಾಂಡಿನಲ್ಲಿ ಕಾದೂ ಕಾದೂ ಕಟ್ಟಿದ ತಮಾಷೆ ಹಾಡು. 'ಶೋಭಾ, ಆನವಟ್ಟಿ ಬಸ್ಸು ಬಂತು, ಇಳಿದವರಲ್ಲಿ ನೀನಿಲ್ಲ' ಅಂತ ಶುರು. ಕೊನೆಯ ಚರಣದಲ್ಲಿ ಅವಳು ಮುಂದಿನ ಬಸ್ಸಿಗೆ ಬಂದಿಳಿದು ಇವನಿಗೇ ಬೈಯುತ್ತಾಳೆ.

"ಮೂರು ಹಾಡು ಆಗ್ತಿದ್ದಂಗೆ ಜನ ಮಂಡಕ್ಕಿ ಮಿರ್ಚಿ ತಿನ್ನಕ್ಕೆ ಏಳ್ತಾರೆ. ಆಗ ನನ್ ಹಾಡು ಹಾಡ್ಕಳಿ, ಯಾರಿಗೂ ಲಾಸ್ ಇಲ್ಲ" ಅನ್ನುವಳು.

ಆಮೇಲೆ ಅವಳ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಶಿವಮೊಗ್ಗ, ಡಯಾಲಿಸಿಸ್. ನಾಲ್ಕು ತಾಸು ಎಡಗೈ ಮಷಿನ್ನಿಗೆ. ಖಾಲಿ ಇದ್ದ ಬಲಗೈಯಲ್ಲಿ ನಮ್ಮ ಪಟ್ಟಿ ಬರೆದು ತರುತ್ತಿದ್ದಳು. ಎರಡು ವರ್ಷದ ಹಿಂದೆ ಹೋಗಿಬಿಟ್ಟಳು. ಇಷ್ಟು ಬರೆಯುವುದಕ್ಕೆ ನಾನು ಎರಡು ಸಲ ಎದ್ದು ನೀರು ಕುಡಿದು ಬಂದೆ.

ಅವಳಿಲ್ಲದೆ ನಮಗೆ ಮೊದಲ ಪ್ರೋಗ್ರಾಂ ಬಂದಿದ್ದು ಶಿಕಾರಿಪುರದ ದೊಡ್ಡ ಮೈದಾನದಲ್ಲಿ. ಡಯಾಲಿಸಿಸ್‌ಗೆ ಓಡಾಡುವವರಿಗೆ ಒಂದು ವ್ಯಾನ್ ಕೊಡಿಸಲು ಊರಿನವರೇ ಸೇರಿ ಮಾಡುತ್ತಿದ್ದ ಸಹಾಯಾರ್ಥ ಕಾರ್ಯಕ್ರಮ. ನಮಗೆ ಐವತ್ತು ನಿಮಿಷ, ಒಂಬತ್ತು ಹಾಡು.

ಮಂಜಣ್ಣ ಬರುವುದಕ್ಕೆ ಒಂದು ಗಂಟೆ ಮೊದಲೇ ನಾವು ಮೂವರು ಗೋದಾಮಿನಲ್ಲಿ ಸೇರಿದೆವು. ಬಸ್ಸಿನ ಹಾಡು ಬೇಡ ಅನ್ನುವುದಕ್ಕೆ ಚರ್ಚೆಯೇ ಆಗಲಿಲ್ಲ.

"'ನೀನಿಲ್ಲ' ಅನ್ನೋದು ಅವನ ಬಾಯಾಗೆ ಹೆಂಗ್ರೀ ಬರ್ಬೇಕು?" ಅಂದ ಶಿವಕುಮಾರ. ನವೀದ್ ತಲೆ ತಗ್ಗಿಸಿದ. ನಾನು ರಟ್ಟಿನ ಮೇಲೆ ಪಟ್ಟಿ ಬರೆದೆ. ನಾಲ್ಕನೆಯದಕ್ಕೆ ಒಂದು ಹೊಸ ಅಬ್ಬರದ ಹಾಡು.

ಮಂಜಣ್ಣ ಬಂದು ಬೆರಳಿಟ್ಟು ಓದಿದ. ಬೆರಳು ನಾಲ್ಕರ ಹತ್ತಿರ ಸ್ವಲ್ಪ ನಿಂತಿತು. "ಚೆನ್ನಾಗೈತಿ" ಅಂದ. ನಾವು ಮೂವರೂ ನಿರಾಳವಾದೆವು. (ಎಂಥ ಸೂಕ್ಷ್ಮ ಮನಸ್ಸು ನಮ್ಮದು ಅಂತ ಒಳಗೊಳಗೇ ಬೀಗಿದೆವು ಕೂಡ.)

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನು ಮಾಡಿದರೆ "ಕೆಲ್ಸ ಜಾಸ್ತಿ ಐತ್ರೀ". ಪ್ರೋಗ್ರಾಮಿಗೆ ಎಂಟೇ ದಿನ ಉಳಿದಿತ್ತು. ಗಾಯಕನೇ ಇಲ್ಲದೆ ಏನು ಮಾಡುವುದು? ಅವನ ಅಂಗಡಿಗೇ ಹೋದೆ.

ತಾಮ್ರದ ತಂತಿ ಸುತ್ತುತ್ತಿದ್ದ. ಸುತ್ತು ಎಣಿಸುವಾಗ ಅವನನ್ನು ಯಾರೂ ಮಾತಾಡಿಸಬಾರದು, ಲೆಕ್ಕ ತಪ್ಪಿದರೆ ಮೋಟಾರು ಸುಡುತ್ತದೆ. ಸ್ಟೂಲಿನ ಮೇಲೆ ಸುಮ್ಮನೆ ಕೂತೆ. ಸುತ್ತು ಮುಗಿಸಿ ಅವನೇ ಕೇಳಿದ.

"ಟೀಚರೇ, ಬಸ್ಸಿನ ಹಾಡು ಯಾಕ್ರೀ ತೆಗೆದ್ರಿ?"

"ನಿಂಗೆ ನೋವಾಗ್ಬಾರ್ದು ಅಂತ ಕಣಪ್ಪ."

ತಂತಿಯ ತುದಿ ಕತ್ತರಿಸಿ ಪಕ್ಕಕ್ಕಿಟ್ಟ. "ಎರಡು ವರ್ಷ ಆತು. ಮನೆಗೆ ಬಂದೋರು ಮಳೆ ಬಗ್ಗೆ ಮಾತಾಡ್ತಾರೆ, ಅಂಬ್ಲಿಗೊಳ ಡ್ಯಾಮಿನಾಗೆ ನೀರೆಷ್ಟೈತಿ ಅಂತಾರೆ, ಚಾ ಕುಡೀತಾರೆ, ಹೋಗ್ತಾರೆ. ನಮ್ಮವ್ವನೂ ಅಷ್ಟೆ, ನಾನು ಒಳಗೆ ಬಂದ್ರೆ ಮಾತು ಬದಲು ಮಾಡ್ತಾಳೆ. ಎಲ್ರಿಗೂ ನನ್ ಮೇಲೆ ಪ್ರೀತಿ ಐತಿ, ಇಲ್ಲ ಅನ್ನಲ್ಲ. ಆದ್ರೆ ಅವ್ಳ ಹೆಸ್ರು ಯಾರೂ ಎತ್ತಲ್ರೀ. ಆ ಹಾಡಿನಾಗಾದ್ರೂ ಒಂದ್ಸಲ ಜೋರಾಗಿ ಶೋಭಾ ಅಂತ ಕರೀಬಹುದು ಅಂದ್ಕಂಡಿದ್ದೆ."

ನಾವು ನೆನಪು ಮಾಡದಿದ್ದರೆ ಅವನಿಗೆ ನೆನಪಾಗುವುದಿಲ್ಲ ಅಂತ ಅಂದುಕೊಂಡಿದ್ದೆವಲ್ಲ, ಎಂಥ ದಡ್ಡತನ! ನಿಜ ಹೇಳಬೇಕೆಂದರೆ ಹೆದರಿದ್ದು ಅವನಲ್ಲ, ನಾವು. ಅವನು ಅತ್ತುಬಿಟ್ಟರೆ ನಮ್ಮ ಮುಖ ಎಲ್ಲಿಟ್ಟುಕೊಳ್ಳುವುದು ಅನ್ನುವುದೇ ನಮ್ಮ ಚಿಂತೆಯಾಗಿತ್ತು. ಅದಕ್ಕೆ ಕರುಣೆ ಅಂತ ಹೆಸರಿಟ್ಟುಕೊಂಡಿದ್ದೆವು.

"ತಪ್ಪಾಯ್ತು ಮಂಜಣ್ಣ" ಅಂದೆ.

ಅವನು ಸ್ಕ್ರೂಡ್ರೈವರ್‌ಗಳ ಡ್ರಾಯರಿನಿಂದ ಒಂದು ಹಾಳೆ ತೆಗೆದುಕೊಟ್ಟ. ಶೋಭಾ ಬರೆದ ಕೊನೆಯ ಪಟ್ಟಿ. ನಾಲ್ಕರ ಮುಂದೆ ಸಣ್ಣ ಅಕ್ಷರದಲ್ಲಿ, 'ಜನ ಎದ್ದರೆ ಬೇಜಾರು ಮಾಡ್ಕೋಬೇಡಿ'.

ರಟ್ಟನ್ನು ಹರಿದು ಹಾಕಿ ಅವಳ ಪಟ್ಟಿಯನ್ನೇ ಇಟ್ಟುಕೊಂಡೆವು. (ಅದರಲ್ಲಿದ್ದ ಏಳನೇ ಹಾಡು ನಮಗೆ ಪೂರ್ತಿ ಮರೆತುಹೋಗಿತ್ತು. ಎಂಟು ದಿನದಲ್ಲಿ ಮತ್ತೆ ಕಲಿಯಬೇಕಾಗಿ ಬಂದಿದ್ದಕ್ಕೆ ನವೀದ್ ಈಗಲೂ ಗೊಣಗುತ್ತಾನೆ.)

ಶಿಕಾರಿಪುರದಲ್ಲಿ ಮೈದಾನ ತುಂಬಿತ್ತು. ಮೂರು ಹಾಡು ಮುಗಿದವು. ನಾಲ್ಕನೆಯದು ಶುರುವಾಗಿದ್ದೇ ತಡ, ಹಿಂದಿನ ಸಾಲುಗಳು ಮಿರ್ಚಿ ಗಾಡಿಯ ಕಡೆಗೆ ಎದ್ದವು. ಮಂಜಣ್ಣ ನೋಡಿದ. ಹಾಡುತ್ತ ಹಾಡುತ್ತಲೇ ನಕ್ಕುಬಿಟ್ಟ. "ಎದ್ರು ನೋಡೇ ಶೋಭಾ" ಅಂದಿದ್ದು ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿತು.

ಕೊನೆಯ ಚರಣಕ್ಕೆ ಅವನು ಹಾಡು ನಿಲ್ಲಿಸಿ ಅತ್ತುಬಿಟ್ಟ. ನಾವು ಅಷ್ಟು ಹೆದರಿದ್ದ ಗಳಿಗೆ ಬಂದೇಬಂತು. ಏನಾಯಿತು? ನವೀದ್ ಅದೇ ತಾಳವನ್ನು ಇನ್ನೆರಡು ಸುತ್ತು ಹೊಡೆದ. ಮಂಜಣ್ಣ ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ ಹೆಂಡತಿಯನ್ನು ಮುಂದಿನ ಬಸ್ಸಿನಿಂದ ಇಳಿಸಿಕೊಂಡ, ಬೈಸಿಕೊಂಡ, ಹಾಡು ಮುಗಿಸಿದ.

ಪ್ರೋಗ್ರಾಂ ಆದ ಮೇಲೆ ಸ್ಟೇಜಿನ ಹಿಂದೆ ಅವನ ತಾಯಿ ಬಂದರು. ಮಗನ ಶರ್ಟಿನ ಕಾಲರ್ ಸರಿಮಾಡುತ್ತ ಅಂದರು, "ಆ ಎರಡನೇ ಹಾಡು ಏನ್ ಗದ್ಲನಪ್ಪಾ. ಶೋಭಾ ಇದ್ದಿದ್ರೆ ಕಿವಿ ಮುಚ್ಕಂತಿದ್ಲು." ಅಲ್ಲಿಂದ ಶಿರಾಳಕೊಪ್ಪ ಮುಟ್ಟುವವರೆಗೂ ತಾಯಿ ಮಗ ಅವಳದೇ ಮಾತು.

ಈಗ ಹೇಳಿ, ಈಚೆಗೆ ನೀವು ಯಾರ ಮನೆಯಲ್ಲಿ, ಯಾರ ಹೆಸರೆತ್ತದೆ, ಚಹಾ ಕುಡಿದು ಎದ್ದು ಬಂದಿರಿ?