ಕ್ಷೌರದಂಗಡಿಯ ಸಮುದ್ರ ಮನೆ ಬದಲಿಸಿದ್ದು

ಆ ಬೀದಿಯಲ್ಲಿ ಸಮುದ್ರವಿದ್ದದ್ದು ಒಂದೇ ಕಡೆ, ಕ್ಷೌರದಂಗಡಿಯ ಗಾಜಿನ ತೊಟ್ಟಿಯಲ್ಲಿ. ಅದರ ಚಕ್ರವರ್ತಿ ಅಂಗಡಿಯ ಕ್ಷೌರಿಕ. ಉಪ್ಪುನೀರು ಕಲಸಿ, ಹವಳ ಬೆಳೆಸಿ, ಮೀನು ಸಾಕಿ ಅವನು ಗಳಿಸಿದ ಕೀರ್ತಿ ಎಂಥದ್ದೆಂದರೆ, ಬೋಳುತಲೆಯವರೂ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದರು.

ಅವರೆಲ್ಲ ಬರುತ್ತಿದ್ದದ್ದು ಕಡಲಹೂವನ್ನು ನೋಡಲು. ಹೆಸರಿಗೆ ಹೂ, ನಿಜಕ್ಕೆ ಪ್ರಾಣಿ. ಒಂದೇ ಕಾಲು, ನೂರಾರು ಬೆರಳು. ಆ ಬೆರಳುಗಳ ನಡುವೆ ಎರಡು ಕಿತ್ತಳೆ ಬಣ್ಣದ ಮೀನುಗಳು ಸಂಸಾರ ಹೂಡಿದ್ದವು.

ಅಂಗಡಿ ಪಕ್ಕದ ಬೀದಿಗೆ ಹೋಗುವುದೆಂದಾದಾಗ ಕ್ಷೌರಿಕ ಎರಡರಷ್ಟು ದೊಡ್ಡ ತೊಟ್ಟಿ ಮಾಡಿಸಿದ. ಮಾಡಿಕೊಟ್ಟವನು ಗಾಜಿನ ಕೆಲಸದ ಭಾಮೈದ, ಹೆಂಡತಿಯ ತಮ್ಮ. ಹಳೆಯದೂ ಅವನದೇ ಕೈಕೆಲಸ; ಅವನು ಕಟ್ಟಿದ ಮೊದಲ ತೊಟ್ಟಿ, ಒಂದು ಹನಿ ಸೋರಿದ್ದಿಲ್ಲ. ಅದನ್ನು ತನ್ನ ಅಂಗಡಿ ಮುಂದಿಟ್ಟು ಮೆರೆಯಬೇಕೆಂದು ಮೊದಲೇ ಭಾವನಿಂದ ಮಾತು ತೆಗೆದುಕೊಂಡಿದ್ದ.

ವಾರದ ರಜೆಯ ದಿನ ದಂಡಯಾತ್ರೆ ಹೊರಟಿತು. ಮೀನುಗಳು ಬಕೆಟ್ಟಿಗೆ, ಹವಳದ ಬಂಡೆಗಳು ಡ್ರಮ್ಮಿಗೆ, ಹಳೆಯ ನೀರು ಕ್ಯಾನುಗಳಿಗೆ. ತಳದ ಹಳೆ ಮರಳನ್ನು ಕಲಕಿದರೆ ವಿಷ ಏಳುತ್ತದೆಂದು ಹೆಂಡತಿ ಸೌಟು ಹಿಡಿದು ಕಾವಲು ನಿಂತಳು. ಎಲ್ಲರೂ ಹೊರಟರು, ಕಡಲಹೂ ಮಾತ್ರ ಪಕ್ಕದ ಗಾಜನ್ನು ಕಚ್ಚಿ ಕೂತಿತ್ತು. ಚಳಿಗಾದರೂ ಹಿಡಿತ ಬಿಟ್ಟೀತೆಂದು ಹೊರಗಿನಿಂದ ಗಾಜಿಗೆ ಐಸ್ ಒತ್ತಿದರು, ಉಗುರಿನಿಂದ ಕಾಲಂಚು ಮೀಟಿದರು, ಪುಸಲಾಯಿಸಿದರು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಉಳಿದ ಗೇಣು ನೀರಿನಲ್ಲಿ ಮುದುಡಿ ಮುಷ್ಟಿಯಾಯಿತು. ಆ ನೀರೂ ತಣ್ಣಗಾಗುತ್ತಿತ್ತು. ತಡವಾದರೆ ಪ್ರಾಣಕ್ಕೇ ಸಂಚಕಾರ.

ಭಾಮೈದ ತೋಳೇರಿಸಿ, ಎಳೆದೇಬಿಡುತ್ತೇನೆಂದ. ಕ್ಷೌರಿಕ ಅವನ ಕೈ ಹಿಡಿದ.

“ಕಾಲು ಹರಿದ್ರೆ ಸತ್ತೇ ಹೋಗುತ್ತೆ ಕಣೋ. ಅದು ಗೋಡೆ ಬಿಡಲ್ಲ ಅಂದ್ರೆ ಗೋಡೆ ಸಮೇತ ಕರ್ಕೊಂಡು ಹೋಗೋಣ.”

“ಯಾವ ಗೋಡೆ ಭಾವ?”

“ನೀನು ಕಟ್ಟಿದ್ದೇ. ಅಂಟು ಕೊಯ್ದು ಈ ಪಕ್ಕದ ಗಾಜು ತೆಗಿ.”

ಹೆತ್ತ ಮಗುವನ್ನು ತೂಕಕ್ಕೆ ಮಾರು ಎಂದಂತಾಯಿತು ಭಾಮೈದನಿಗೆ. ಒಂದು ಹನಿ ಸೋರದ ತೊಟ್ಟಿ ಎಂದು ಮತ್ತೆ ಶುರುಮಾಡಿದ.

“ಸೋರಲ್ಲ ಸೋರಲ್ಲ ಅಂತ ಇಷ್ಟು ವರ್ಷ ಕೊಚ್ಕೊಂಡಿದ್ದು ಸಾಲ್ದೇನೋ?” ಎಂದಳು ಅಕ್ಕ. “ನಿನ್ನ ಕೈಲಾಗಲ್ಲ ಅಂದ್ರೆ ಹೇಳು, ನಿಮ್ಮ ಭಾವ ಕೊಯ್ತಾರೆ.”

ಭಾವ ಆಗಲೇ ಕ್ಷೌರದ ಕತ್ತಿಗೆ ಹೊಸ ಬ್ಲೇಡು ಹಾಕುತ್ತಿದ್ದ. ಎಷ್ಟೋ ಗಂಟಲುಗಳ ಮೇಲೆ ಓಡಾಡಿಯೂ ಹನಿ ರಕ್ತ ಕಾಣದ ಕೈ ಅದು. ಮೂಲೆಯ ಅಂಟಿನೊಳಗೆ ಬ್ಲೇಡು ಇಳಿದು, ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಗಿತು. ಕೊನೆಯ ಮೂಲೆಗೆ ಬರುವಷ್ಟರಲ್ಲಿ ಭಾಮೈದನಿಗೆ ತಡೆಯಲಾಗಲಿಲ್ಲ. ಗಾಜು ಹಿಡಿಯುವ ರೀತಿಯೇ ನಿಮಗೆ ಗೊತ್ತಿಲ್ಲ ಎಂದು ಗೊಣಗುತ್ತ ಬಂದು ತಾನೇ ಹಿಡಿದ. ಇಷ್ಟು ವರ್ಷ ಸೋರದ ತೊಟ್ಟಿ ಅಷ್ಟನ್ನೂ ಒಮ್ಮೆಗೇ ಸೋರಿ ಮೂವರ ಪಾದ ತೊಳೆಯಿತು.

ಕಡಲಹೂ ತನ್ನ ಗೋಡೆಯೊಂದಿಗೆ ನೀರು ತುಂಬಿದ ಟಬ್ಬಿನಲ್ಲಿ, ಪಲ್ಲಕ್ಕಿಯೇರಿದಂತೆ ಬೀದಿ ದಾಟಿತು.

ಹೊಸ ತೊಟ್ಟಿಯಲ್ಲಿ ಎರಡು ದಿನ ಮುಷ್ಟಿ ಬಿಚ್ಚಲಿಲ್ಲ. ಬಿಚ್ಚುತ್ತದೆ ಬಿಡಿ ಎಂದು ಕ್ಷೌರಿಕ ಎಲ್ಲರಿಗೂ ಧೈರ್ಯ ಹೇಳಿದ. ಅತ್ತ ನೋಡುತ್ತಲೇ ಒಬ್ಬ ಗಿರಾಕಿಯ ಮೀಸೆಯನ್ನು ಒಂದೇ ಕಡೆ ಬೋಳಿಸಿದ. ಮೂರನೆಯ ದಿನ ನೂರಾರು ಬೆರಳೂ ಅರಳಿದವು. ಕಿತ್ತಳೆ ದಂಪತಿ ಏನೂ ಆಗಿಲ್ಲವೆಂಬಂತೆ ಮನೆಹೊಕ್ಕರು.

ವಾರ ಕಳೆದ ಮೇಲೆ ಕಡಲಹೂ ತಾನಾಗಿಯೇ ಗಾಜು ಬಿಟ್ಟು ಪಕ್ಕದ ಬಂಡೆಗೆ ನಡೆಯಿತು. ಸುದ್ದಿ ತಿಳಿದ ಭಾಮೈದ ಓಡಿಬಂದು, ಗಾಜು ವಾಪಸ್ ಬೇಕೆಂದು ತೊಟ್ಟಿಗೆ ಕೈ ಹಾಕಿದ. ಹೆಬ್ಬೆರಳಿನಷ್ಟು ಉದ್ದದ ಕಿತ್ತಳೆ ಗೃಹಿಣಿ ಹಾರಿ ಬಂದು ಬೆರಳು ಕಚ್ಚಿದಳು.

“ಭಾವ, ನಿಮ್ಮ ಮೀನಿಗೆ ಹೇಳಿ.”

“ಜಾಗದ ವಿಷಯ ನಾನು ಮಾತಾಡಲ್ಲಪ್ಪ,” ಎಂದ ಕ್ಷೌರಿಕ, ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತ. “ಅವಳನ್ನೇ ಕೇಳ್ಕೋ.”

ಭಾಮೈದ ಬೆರಳು ಚೀಪಿಕೊಳ್ಳುತ್ತ ಹೋಗಿ, ಹಳೆಯ ತೊಟ್ಟಿಗೆ ಬೇರೆ ಗಾಜು ಅಂಟಿಸಿದ.